ರೇವಣಪ್ಪಗ ಮೂಡಿದ್ದೇನು?

ನೀರು ಹಾಕಿ ತೊಳೆದಿದ್ದ ಪರಸಿಕಲ್ಲಿನ ಚಪ್ಪಡಿಯಲ್ಲಿ ಪ್ರತಿಬಿಂಬಿಸಿದ ಮೋಡವೊಂದು ಒಂಟೆಯಾಗಿ, ಆ ಒಂಟೆ ಕರಗಿ ದೋಣಿಯಾಗುತ್ತಿತ್ತು. ಮ್ಯಾನೇಜರ್ ಸಾಹೇಬರು ಎರಡು ಸಲ ಕೂಗಿದರು. ಶಹಾಬಾದಿನ ಆ ಕಲ್ಲಿನ ಕಾರಖಾನೆಯ ಗುಮಾಸ್ತ ರೇವಣಪ್ಪನಿಗೆ ಕೇಳಿಸಲಿಲ್ಲ. ಅವನು ದೋಣಿಯಲ್ಲಿ ಕೂತು ಹೊರಟುಬಿಟ್ಟಿದ್ದ.

“ಈ ರೇವಣಪ್ಪ ಬಹಳ ಮೂಡಿ,” ಎಂದರು ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು.

ಆ ಮಾತು ಹಮಾಲರ ಬಾಯಿಂದ ಎದುರಿನ ಖಾಜಾಮಿಯಾನ ಚಹಾದಂಗಡಿಗೆ ಬರುವಷ್ಟರಲ್ಲಿ ವೇಷ ಬದಲಿಸಿತ್ತು.

“ರೇವಣಪ್ಪಗ ಮೂಡ್ಯಾದಂತ ಚಾಚಾ.”

“ಏನು ಮೂಡ್ಯಾದ?”

“ಸಾಹೇಬ್ರು ಅದು ಹೇಳಿಲ್ಲ. ಭಾಳ ಮೂಡ್ಯಾದ ಅಂದ್ರು.”

ಮಧ್ಯಾಹ್ನ ರೇವಣಪ್ಪ ಚಹಾಕ್ಕೆ ಬಂದಾಗ ಬೆಂಚು ಸಂತೆ ಮುಗಿದ ಬಯಲಿನಂತೆ ಖಾಲಿಯಾಯಿತು. ಖಾಜಾಮಿಯಾ ಕಪ್ಪನ್ನು ಕೋಲಿನಿಂದ ಅವನ ಕಡೆ ತಳ್ಳಿದ.

“ಅಂಗಿ ತೆಗೀರಿ ರೇವಣಪ್ಪಾವ್ರೇ, ನೋಡಮು. ಗಜಕರ್ಣೋ, ತೊನ್ನೋ?”

“ಯಾಕ ಚಾಚಾ?”

“ಊರಿಗೆಲ್ಲಾ ಗೊತ್ತಾಗ್ಯಾದ. ನಿಮಗೊಬ್ಬರಿಗೇ ಗೊತ್ತಿಲ್ಲೇನು?”

ರೇವಣಪ್ಪ ಚಹಾ ಕುಡಿಯದೆ ಎದ್ದ. ಅಂದು ಸಂಜೆಯೇ ಪಕ್ಕದೂರು ಭಂಕೂರದ ಸೂಗಮ್ಮ ತನ್ನ ಮಗಳಿಗಾಗಿ ಅವನನ್ನು ನೋಡಲು ಬರುವವಳಿದ್ದಳು. ಆ ಹುಡುಗಿಯನ್ನು ಅವನು ಒಮ್ಮೆ ಕಂಡಿದ್ದ. ನಳದ ಕೆಳಗೆ ಕೊಡ ತುಂಬಿ ಚೆಲ್ಲುತ್ತಿದ್ದರೂ ಅವಳು ಮುಗಿಲು ನೋಡುತ್ತ ನಿಂತಿದ್ದಳು. ಅಂದಿನಿಂದ ಅವನ ಮೋಡಗಳೆಲ್ಲ ಭಂಕೂರದ ಕಡೆಗೇ ತೇಲುತ್ತಿದ್ದವು.

ಸಂಜೆ ಸೂಗಮ್ಮನ ಟಾಂಗಾ ಅವನ ಮನೆ ಮುಂದೆ ಬಂದು ನಿಂತಿತು. ಜೊತೆಗೆ ಸಂಬಂಧ ಕುದುರಿಸುತ್ತಿದ್ದ ನಾಗೇಂದ್ರಪ್ಪ ಮಾಸ್ತರರಿದ್ದರು. ಸುದ್ದಿ ದಾರಿಯಲ್ಲೇ ಮುಟ್ಟಿದ್ದರಿಂದ ಸೂಗಮ್ಮ ಕೆಳಗಿಳಿಯಲಿಲ್ಲ.

“ಮೊದಲು ಅಂಗಿ ತೆಗೀಲಿ,” ಎಂದಳು.

ಓಣಿಯೆಲ್ಲ ನೋಡುತ್ತಿರಲು ರೇವಣಪ್ಪ ಅಂಗಿ, ಬನಿಯನ್ ಬಿಚ್ಚಿ ಗಾಣದೆತ್ತಿನಂತೆ ಒಂದು ಸುತ್ತು ತಿರುಗಿದ. ಸೊಳ್ಳೆ ಕಡಿದ ಗುರುತಿನ ಹೊರತು ಮೈಮೇಲೆ ಏನೂ ಮೂಡಿರಲಿಲ್ಲ.

ಸಾಹೇಬರು ಅಂದದ್ದು ‘ಮೂಡಿ’ ಎಂದು ಹಮಾಲನೊಬ್ಬನಿಂದ ತಿಳಿದ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದು ಇಂಗ್ಲಿಷ್ ಮಾತು ಸೂಗಮ್ಮ, ರೋಗ ಅಲ್ಲ. ಮೂಡಿ ಅಂದ್ರ ಮನಸ್ಸು ಬಂದ್ರ ಮಾತಾಡ್ತಾರ, ಇಲ್ಲಂದ್ರ ಕರದ್ರೂ ಓ ಅನ್ನಂಗಿಲ್ಲ. ಮುಗಿಲು ನೋಡಕೋತ ಕುಂತ್ರ ಕುಂತೇಬಿಡ್ತಾರ.”

ಓಣಿ ನಿರಾಳವಾಯಿತು. ಸೂಗಮ್ಮನ ಮುಖ ಮಾತ್ರ ಈಗ ಬಾಡಿತು.

“ಮೈಮ್ಯಾಲಿಂದು ಆಗಿದ್ರ ಮುಲಾಮು ಹಚ್ಚಬಹುದಿತ್ತು ಮಾಸ್ತರ್ರೇ. ನನ್ನ ಮಗಳಿಗೂ ಇದೇ ಅದ. ಒಲಿ ಮ್ಯಾಲೆ ಹಾಲಿಟ್ಟು ಮುಗಿಲು ನೋಡ್ತಾಳ. ಇಬ್ಬರನ್ನೂ ಒಂದೇ ಮನ್ಯಾಗ ಬಿಟ್ರ ಹಾಲು ಇಳಸಾವ್ರು ಯಾರು? ಟಾಂಗಾ ತಿರುಗಸಪ್ಪ.”

“ರೇವಣಪ್ಪ, ಏನರೆ ಮಾತಾಡೋ,” ಎಂದರು ಮಾಸ್ತರರು.

ರೇವಣಪ್ಪ ಬರಿಮೈಯಲ್ಲಿ ಮುಗಿಲು ನೋಡುತ್ತ ನಿಂತೇ ಇದ್ದ. ಎಲ್ಲೋ ಒಂದು ಮನೆಯಲ್ಲಿ ಹಾಲು ಉಕ್ಕಿ ಹರಿಯುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಅವನೂ ಆ ಹುಡುಗಿಯೂ ಕೂತು ಒಂದೇ ಮೋಡ ನೋಡುತ್ತಿದ್ದರು. ಒಂಟೆ ಎಂದಳು ಅವಳು.

“ಅಲ್ಲ, ಅದು ದೋಣಿ,” ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಓಣಿಯಲ್ಲಿ ಟಾಂಗಾ ಎಬ್ಬಿಸಿದ ಧೂಳಷ್ಟೇ ಉಳಿದಿತ್ತು.