ಭಾವನ ಕಾರು ಸೋರಿದ್ದು

ಕೊಯ್ಲು ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ತೆನೆಗಳ ರಾಶಿಯ ಮುಂದೆ ಅಮ್ಮ ಬೆಳಿಗ್ಗೆಯೇ ಕಾಳು ಬಿಡಿಸಲು ಕೂತಿದ್ದಳು. ಹೆಂಡತಿ ದಬ್ಬಣ ಹಿಡಿದು ಹರಿದ ಚೀಲಗಳನ್ನು ಹೊಲಿಯುತ್ತಿದ್ದಳು. ಮನೆಯ ಯಜಮಾನ ಮಾತ್ರ ಕೊಟ್ಟಿಗೆಯಲ್ಲಿ ನಿಂತಿದ್ದ ಕಪ್ಪು ಕಾರಿನ ಮೂತಿಯ ಕೆಳಗಿನಿಂದ ಒಂದು ತಟ್ಟೆಯನ್ನೆಳೆದು, ಕಾಯಿಸಿದ ಹಾಲು ತರುವವನಂತೆ ಉಸಿರು ಬಿಗಿಹಿಡಿದು ಹೊರಗೆ ಬಂದ. ತಟ್ಟೆಯಲ್ಲಿ ಕರಿ ಎಣ್ಣೆ. ಅದನ್ನು ತಕ್ಕಡಿಗೆ ಹಾಕಿ, ತಟ್ಟೆಯ ತೂಕ ಕಳೆದು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಮೊನ್ನೆ ಇಪ್ಪತ್ತು ಗ್ರಾಂ, ನಿನ್ನೆ ಮೂವತ್ತು, ಇವತ್ತು ನಲವತ್ತೈದು.

ಧಾನ್ಯದ ಗೋದಾಮಿನಲ್ಲಿ ಚೀಲ ತೂಗುವುದು ಅವನ ಕೆಲಸ. ಊರಿನವರು ಅವನನ್ನು ತೂಕದವನು ಎಂದೇ ಕರೆಯುತ್ತಿದ್ದರು. ಯಾವ ಕಷ್ಟವನ್ನಾದರೂ ತೂಗಿ ಬರೆದಿಟ್ಟರೆ ಅರ್ಧ ಪರಿಹಾರವಾದಂತೆ ಎಂದು ಅವನು ನಂಬಿದ್ದ. ಉಳಿದರ್ಧಕ್ಕೆ ಅವನಲ್ಲಿ ಉಪಾಯವಿರಲಿಲ್ಲ.

ಕಾರು ಅವನದಲ್ಲ, ಅಕ್ಕನ ಗಂಡನದು. ಭಾವನ ಕಾರಿನ ಚಪ್ಪರಕ್ಕೆ ಗೆದ್ದಲು ಹತ್ತಿ, ಹೊಸ ಕಂಬ ನೆಡಿಸುವ ಕೆಲಸ ನಡೆದಿತ್ತು. ಅದು ಮುಗಿಯುವ ತನಕ ವಾರ ಕಾಲ ಇಲ್ಲಿರಲಿ ಎಂದು, ಇವನು ಗೋದಾಮಿನಲ್ಲಿದ್ದ ಹೊತ್ತಿನಲ್ಲಿ ಭಾವ ಕಾರನ್ನು ತಂದು ನಿಲ್ಲಿಸಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು ಹೋಗಿದ್ದ. ಇವತ್ತು ಸಂಜೆ ಒಯ್ಯಲು ಬರುವವನಿದ್ದ.

ಭಾವ ಜೋರು ಮಾಡುವ ಮನುಷ್ಯನಲ್ಲ. ಆದರೆ ಮರೆಯುವವನಲ್ಲ. ಹನ್ನೆರಡು ವರ್ಷದ ಹಿಂದೆ ತೂಕದವನು ಅವನ ಏಣಿಯನ್ನು ಎರವಲು ತಂದು, ಒಂದು ಮೆಟ್ಟಿಲು ಮುರಿದು ಹಿಂದಿರುಗಿಸಿದ್ದ. ಅಂದಿನಿಂದ ಮದುವೆಯ ಮನೆಯಿರಲಿ, ಸಾವಿನ ಮನೆಯಿರಲಿ, ನಾಲ್ಕು ಜನ ಕೂಡಿದಲ್ಲಿ ಭಾವ ಮೆಲ್ಲಗೆ, "ನಮ್ಮ ಏಣಿಗೆ ಹತ್ತು ಮೆಟ್ಟಿಲಿತ್ತು" ಎನ್ನುತ್ತಿದ್ದ. ಅಷ್ಟೇ. ಮುಂದಿನದನ್ನು ಹೇಳುತ್ತಿರಲಿಲ್ಲ. ಕೇಳಿದವರೆಲ್ಲ ತಿರುಗಿ ತೂಕದವನ ಮುಖ ನೋಡುತ್ತಿದ್ದರು.

ಹೆಂಡತಿಗೂ ಹೇಳದ ಒಂದು ಗುಟ್ಟು ಅವನ ಹೊಟ್ಟೆಯಲ್ಲಿತ್ತು. ನಾಲ್ಕು ದಿನದ ಹಿಂದೆ ಆಸೆ ತಡೆಯಲಾರದೆ ಅದೇ ಕಾರಿನಲ್ಲಿ ಗೋದಾಮಿಗೆ ಹೋಗಿದ್ದ. ಗೇಟಿನ ಬಳಿಯ ಕಲ್ಲಿಗೆ ಕಾರಿನ ಹೊಟ್ಟೆ ದಡ್ ಎಂದು ತಾಗಿತ್ತು. ಮರುದಿನ ಬೆಳಿಗ್ಗೆ ನೆಲದ ಮೇಲೆ ಕಪ್ಪು ಕಲೆ. ಇನ್ನು ಏಣಿಯ ಜೊತೆಗೆ ಕಾರಿನ ಕತೆಯನ್ನೂ ಸಾಯುವ ತನಕ ಕೇಳಬೇಕಲ್ಲ ಎಂದು ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರಿಗೆ ಎಣ್ಣೆಯ ವಾಸನೆ ಗೋಡೆಯಾಚೆಯಿಂದಲೇ ಬಡಿಯಿತು. ಕರೆಯುವ ಮೊದಲೇ ಬಂದ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಇಷ್ಟು ಸೋರಿದ್ರೂ ಒಳಗೆ ಕಡಿಮೆ ಆಗಿಲ್ವಲ್ಲ ಡ್ರೈವರಣ್ಣ," ಎಂದ ತೂಕದವನು.

"ಕಡ್ಡಿ ಸುಳ್ಳು ಹೇಳುತ್ತಪ್ಪ. ಮೂವತ್ತು ವರ್ಷ ನೋಡಿದೀನಿ. ಮೊದ್ಲು ಕಡ್ಡಿ ಕೆಡುತ್ತೆ, ಆಮೇಲೆ ಗಾಡಿ ಕೆಡುತ್ತೆ."

ಸೋರುವ ಜಾಗ ಹಿಡಿಯಲು ಅವನಲ್ಲಿ ಒಂದು ಹಳೆಯ ಉಪಾಯವಿತ್ತು. ಎಂಜಿನ್ನನ್ನು ತೊಳೆದು ಒಣಗಿಸಿ, ಮೇಲೆಲ್ಲ ಹಿಟ್ಟು ಉದುರಿಸಿ ಗಾಡಿ ಓಡಿಸಬೇಕು. ಎಲ್ಲಿ ಹಿಟ್ಟು ಒದ್ದೆಯಾಗುತ್ತದೋ ಅಲ್ಲೇ ಕಳ್ಳ. ಹಿಟ್ಟೆಂದ ಮೇಲೆ ಗಿರಣಿಯವನು ಬಂದ. ಬಂದವನು ಹಿಟ್ಟು ಕೊಟ್ಟು ಹೋಗದೆ, ಗಿರಣಿ ರಿಪೇರಿಯ ದೊಡ್ಡ ಸ್ಪ್ಯಾನರನ್ನೂ ತಂದು ಪಕ್ಕದಲ್ಲಿಟ್ಟುಕೊಂಡು ಕೂತ.

ಎಂಜಿನ್ನು ಪೌಡರ್ ಹಚ್ಚಿಸಿಕೊಂಡ ಕೂಸಿನಂತಾಯಿತು. ಮೂವರೂ ಕಾರು ಹತ್ತಿ ಊರ ಸುತ್ತ ಎರಡು ಸುತ್ತು ಹಾಕಿದರು. ಹಿಟ್ಟಿನ ಹೊಗೆ ಬಿಡುತ್ತ ಹೋದ ಕಾರಿನ ಹಿಂದೆ ನಾಲ್ಕು ನಾಯಿಗಳು ಓಡಿದವು. ಕೆರೆ ಏರಿಯ ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೆ ಹಿಟ್ಟು ಒಣಗಿ ಬೆಳ್ಳಗಿತ್ತು, ಒಂದು ಚುಕ್ಕೆಯಿಲ್ಲ. ತೂಕದವನ ಜೀವ ಮರಳಿತು. ಮನೆಗೆ ಬಂದು ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಅಂಗಳಕ್ಕೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಹಿಟ್ಟಿನ ನಡುವೆ ಮೂರು ಕಪ್ಪು ಬೊಟ್ಟುಗಳು ಕೂತಿದ್ದವು.

"ಓಡುವಾಗ ಸೋರಲ್ಲ, ನಿಂತಾಗ ಸೋರುತ್ತೆ," ಎಂದು ಡ್ರೈವರು ತೀರ್ಪು ಕೊಟ್ಟ. "ಓಡುವಾಗ ಎಣ್ಣೆಗೆ ಕೆಲಸ ಇರುತ್ತೆ. ನಿಂತಾಗ ಕೆಲಸ ಇರಲ್ಲ, ಹೊರಗೆ ಬಂದು ಕೂತ್ಕೊಳ್ಳುತ್ತೆ. ನಮ್ಮ ಡಿಪೋದಲ್ಲೂ ಹಾಗೇ ಇತ್ತು."

"ಕೆರೆ ಹತ್ರಾನೂ ನಿಂತಿತ್ತಲ್ಲ?" ಎಂದಳು ಹೆಂಡತಿ ದಬ್ಬಣ ಎಳೆಯುತ್ತ.

"ಅದು ಪರಸ್ಥಳ ಕಣಮ್ಮ," ಎಂದ ಡ್ರೈವರು.

ಹಾಗೆನ್ನುತ್ತ ಅವನು ಎಂಜಿನ್ನಿನ ಮೇಲೆ ಬಗ್ಗಿದ. ಮೇಲೆದ್ದಾಗ ಬೋಳುತಲೆಯ ನಡುಮಧ್ಯೆ ಒಂದು ಕರಿ ಹನಿ ಮಿರುಗುತ್ತಿತ್ತು. ಗಿರಣಿಯವನು ತೋರಿಸಿದ. ಡ್ರೈವರು ಒರೆಸಿಕೊಂಡು, ಇಂಥ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಎಂದ. ಸೋರಿಕೆ ಎಂದ ಮೇಲೆ ನೆಲ ನೋಡಬೇಕು ಎಂಬುದರಲ್ಲಿ ಮೂವರಿಗೂ ಅನುಮಾನವಿರಲಿಲ್ಲ. ಒಬ್ಬನೂ ತಲೆ ಎತ್ತಲಿಲ್ಲ.

ಜಾಗ ಸಿಗದಿದ್ದರೆ ಇದ್ದಬದ್ದ ಬೋಲ್ಟುಗಳನ್ನೆಲ್ಲ ಬಿಗಿದುಬಿಡೋಣ ಎಂಬುದು ಗಿರಣಿಯವನ ಮತ. ಮೇಲಿನವನ್ನೆಲ್ಲ ಬಿಗಿದು, ಕಾರಿನಡಿ ಮಲಗಿ, ಎಣ್ಣೆಯ ತೊಟ್ಟಿಯ ತಳದ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಅದು ಮೊದಲೇ ಬಿಗಿಯಾಗಿತ್ತು. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೊಡಿಸಿ ಇನ್ನೊಂದು ಸುತ್ತು ಜಗ್ಗಿದ. ಒಳಗೆಲ್ಲೋ ಕಟಕ್ ಎಂದಿತು.

"ಏನದು?" ತೂಕದವನು ಬಗ್ಗಿ ಕಾರಿನಡಿ ಇಣುಕಿದ.

"ಈಗ ಕೂತ್ಕೊಳ್ತು ನೋಡು," ಎಂದ ಗಿರಣಿಯವನು ತೃಪ್ತಿಯಿಂದ.

ಸಂಜೆ ಭಾವ ನಡೆದು ಬರುವ ಹೊತ್ತಿಗೆ ತೂಕದವನು ಹಿಟ್ಟನ್ನೆಲ್ಲ ಒರೆಸಿ, ನೆಲದ ಕಲೆಯ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಬೆವರುತ್ತ ನಿಂತಿದ್ದ. ಡ್ರೈವರೂ ಗಿರಣಿಯವನೂ ಕಟ್ಟೆಯ ಮೇಲೆ ಜಾಗ ಹಿಡಿದಿದ್ದರು. ಭಾವ ಕಾರನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಕೊಟ್ಟಿಗೆಗೆ ಬಂದವನೇ ತಲೆ ಎತ್ತಿ ಅಟ್ಟ ನೋಡಿದ.

"ಏಣಿ ತಾ," ಎಂದ.

ತೂಕದವನು ತಂದು ಆನಿಸಿದ. ಭಾವ ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ಹತ್ತಿದ. "ನಿನ್ನ ಏಣಿಗೆ ಎಲ್ಲಾ ಮೆಟ್ಟಿಲೂ ಇದೆ," ಎಂದ. ಕಾರಿನ ಮೂತಿಗೆ ನೇರ ಮೇಲಿದ್ದ ಹಲಗೆಯಿಂದ ಒಂದು ತಗಡಿನ ಡಬ್ಬವನ್ನು ಇಳಿಸಿದ. ಅದರ ತಳದ ಮೂಲೆಯಿಂದ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಕಾರಿಗೆ ಹೊಸ ಎಣ್ಣೆ ಹಾಕಿಸಿದ ದಿನ ತೆಗೆದ ಹಳೆಯ ಎಣ್ಣೆ ಅದು. ಹೊಸ ಕಂಬಗಳಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲವೆಂದು ಭಾವ ಕಾರಿನ ಜೊತೆಗೇ ತಂದು ಅಟ್ಟದ ಮೇಲೆ ಜೋಪಾನ ಮಾಡಿದ್ದ.

ತೂಕದವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುಣಿಯುವಂತಾಯಿತು. ಕಾರು ಸೋರಿಲ್ಲ, ಕಲ್ಲು ತಾಗಿದ್ದರಿಂದ ಏನೂ ಆಗಿಲ್ಲ. ನಗುತ್ತ, ತೊದಲುತ್ತ ತಟ್ಟೆ, ತಕ್ಕಡಿ, ಹಿಟ್ಟು ಎಲ್ಲವನ್ನೂ ಹೇಳಿ, ಬಾಗಿಲ ಮೇಲಿನ ಅಂಕಿಗಳನ್ನೂ ತೋರಿಸಿದ. ಕಲ್ಲಿನ ವಿಷಯ ಬಿಟ್ಟು.

"ಡಬ್ಬ ಇಟ್ಟಿದ್ದು ನಂಗೊತ್ತಿತ್ತು," ಎಂದಳು ಅಮ್ಮ ಕಾಳು ಬಿಡಿಸುತ್ತ. "ಕಾರೇ ಸೋರ್ತಿದೆ ಅಂತ ಇಷ್ಟು ಜನ ಹೇಳುವಾಗ ನಾನೇನು ಹೇಳ್ಲಿ."

ಭಾವ ಅಂಕಿಗಳನ್ನು ಮೇಲಿಂದ ಕೆಳಗೆ ಓದಿದ. ಡಬ್ಬದೊಳಗೆ ಇಣುಕಿದ. "ಅಂದ್ರೆ ನನ್ನ ಎಣ್ಣೆ ದಿನಾ ಸೋರ್ತಿತ್ತು, ನೀನು ತೂಗ್ತಾ ಕೂತಿದ್ದೆ," ಎಂದ. ಡಬ್ಬವನ್ನೊಮ್ಮೆ ಅಲ್ಲಾಡಿಸಿ, "ನಮ್ಮ ಡಬ್ಬದಲ್ಲಿ ಹತ್ತು ಕಂಬಕ್ಕಾಗುವಷ್ಟಿತ್ತು," ಎಂದ.

ಅಷ್ಟೇ. ಮುಂದಿನದನ್ನು ಹೇಳಲಿಲ್ಲ. ಕಟ್ಟೆಯ ಮೇಲಿನವರಿಬ್ಬರೂ ತಿರುಗಿ ತೂಕದವನ ಮುಖ ನೋಡಿದರು.

ಭಾವ ಡಬ್ಬವನ್ನು ಹಳೆಯ ಬಕೆಟ್ಟಿನೊಳಗಿಟ್ಟು, ಕಾರಿಗೆ ಹೇರಿ ಹೊರಟ. ಬೀದಿಯ ತಿರುವಿಗೆ ಕಾರು ಮುಟ್ಟಿದಾಗಲೇ ತೂಕದವನ ಕಣ್ಣು ನೆಲಕ್ಕೆ ಬಿದ್ದದ್ದು. ಗೋಣಿಯ ಪಕ್ಕದಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಕಾರಿನ ಹಿಂದೆಯೇ, ಹಸಿ ಎಣ್ಣೆಯ ಹನಿಗಳು ಸಾಲುಗಟ್ಟಿ ಹೋಗಿದ್ದವು. ಹಳೆಯ ಎಣ್ಣೆಯ ಕರಿ ಬಣ್ಣ ಇದಕ್ಕಿರಲಿಲ್ಲ. ಇದು ಜೇನಿನ ಬಣ್ಣದ ಹೊಸ ಎಣ್ಣೆ.

ತೂಕದವನು ಬೀದಿಗೆ ಓಡಿ ಎರಡೂ ಕೈ ಎತ್ತಿ ಬೀಸಿದ. ಕನ್ನಡಿಯಲ್ಲಿ ಕಂಡಿರಬೇಕು. ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ, ತಾನೂ ಒಮ್ಮೆ ಬೀಸಿ, ತಿರುವಿನಲ್ಲಿ ಮರೆಯಾದ.

ಹನಿಗಳ ಸಾಲು ಮಾತ್ರ ಉಳಿಯಿತು. ಯಾರು ಹಿಡಿದು ನಡೆದರೂ ನೇರ ಇವನ ಮನೆಗೇ ಬಂದು ಮುಟ್ಟುವಂತಿತ್ತು. ಡ್ರೈವರು ಕಟ್ಟೆಯಿಂದಿಳಿದು, ಸಾಲನ್ನು ಬಗ್ಗಿ ನೋಡಿ, "ಈಗ ಓಡುವಾಗಲೂ ಸೋರುತ್ತೆ," ಎಂದ. ಗಿರಣಿಯವನು ಸ್ಪ್ಯಾನರ್ ಎತ್ತಿಕೊಂಡು ಅವಸರದಲ್ಲಿ ಮನೆಯ ದಾರಿ ಹಿಡಿದ. ತೂಕದವನು ಅಭ್ಯಾಸಬಲದಿಂದ ತಟ್ಟೆಗಾಗಿ ಒಳಗೆ ಹೋದ.