ಕಿಂಜಲ್‌ಬೆನ್ ಅರ್ಜಿಗೆ ನಾನು ಸೇರಿಸಿದ ‘ಯು’

ಇಂಗ್ಲಿಷ್ ಸ್ಪೆಲಿಂಗ್ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ‘ಕಲರ್’ ಎಂದು ಬರೆಯುವಾಗ ‘ಯು’ ಬಿಟ್ಟರೆ ಸಿಸ್ಟರ್ ನಮ್ಮ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ನೆನಪಿಸುತ್ತಿದ್ದರು. ಹಾಗೆ ಸಂಪಾದಿಸಿದ ಅಕ್ಷರವನ್ನು ಸುಲಭವಾಗಿ ಬಿಟ್ಟುಕೊಡಲಾಗುತ್ತದೆಯೇ?

ನಮ್ಮವರ ಬ್ಯಾಂಕು ನಮ್ಮನ್ನು ಗುಜರಾತಿನ ವಡೋದರೆಯ ಗೋರ್ವಾ ಬಡಾವಣೆಗೆ ತಂದು ಹಾಕಿ ಆರು ವರ್ಷ. ಇಲ್ಲಿನ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನಾನು ‘ಸುಧಾಬೆನ್’, ಅಂದರೆ ಸುಧಾ ಅಕ್ಕ. ಲಿಫ್ಟ್ ಕೆಟ್ಟಿದೆ ಎಂಬ ನೋಟಿಸ್‌ಗೂ ನನ್ನದೇ ಇಂಗ್ಲಿಷ್. ಯಾರಾದರೂ ಕರೆದರೆ ‘ಅಯ್ಯೋ, ನನಗೇನು ಬರುತ್ತೆ’ ಎನ್ನುತ್ತಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಕಿಂಜಲ್ ವೋರಾ ಗುಜರಾತಿ ಮಾಧ್ಯಮದಲ್ಲಿ ಓದಿದವಳು. ಮದುವೆಯಾಗಿ ಹನ್ನೊಂದು ವರ್ಷ ಮನೆಯಲ್ಲೇ ಇದ್ದು, ಮೊದಲ ಬಾರಿ ಒಂದು ಕೆಲಸಕ್ಕೆ ಅರ್ಜಿ ಬರೆದಿದ್ದಳು. ಹತ್ತಿರದ ಬಣ್ಣದ ಕಂಪನಿಯೊಂದರ ಆಫೀಸಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಹುದ್ದೆ. ಅಂದು ಸಂಜೆ ಐದರೊಳಗೆ ಅರ್ಜಿಯ ಪ್ರಿಂಟ್ ಕಂಪನಿಯ ಗೇಟಿಗೆ ತಲುಪಬೇಕು. ಅವಳ ಗಂಡ ಜಿಗ್ನೇಶ್‌ಭಾಯಿ ಕೆಳಗೆ ಸ್ಕೂಟರ್ ಹತ್ತಿ ಕೂತಿದ್ದಾರೆ. ಇವಳು ಥೇಪ್ಲಾ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಳೆ. ಅಂಗೈ ತುಂಬ ಅರಿಶಿನ, ಮೆಂತ್ಯ ಸೊಪ್ಪು.

“ಸುಧಾಬೆನ್, ಒಂದ್ಸಲ ಕಣ್ಣಾಡಿಸಿ. ತಪ್ಪಿದ್ರೆ ಹೇಳಿ” ಎಂದಳು ನಮ್ಮಿಬ್ಬರ ಹಿಂದಿಯಲ್ಲಿ.

ಹೇಳಿ ಎಂದಳೇ ಹೊರತು ತಿದ್ದಿ ಎನ್ನಲಿಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ಎರಡು ವಾರದ ನಂತರ!

ಅವಳ ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲ ಸಾಲಿನಲ್ಲೇ ‘ಕಲರ್’. ಅದರಲ್ಲಿ ‘ಯು’ ಇಲ್ಲ! ಪಾಪ, ಗೊತ್ತಾಗಿಲ್ಲ ಎಂದು ಕನಿಕರದಿಂದ ನಾನೇ ಸೇರಿಸಿದೆ. ತಕ್ಷಣ ಆ ಪದದ ಕೆಳಗೆ ಅಂಕುಡೊಂಕಾದ ಕೆಂಪು ಗೆರೆ ಮೂಡಿತು. ತಪ್ಪಂತೆ! ‘ಯು’ ತೆಗೆದೆ, ಗೆರೆ ಮಾಯ. ಹಾಕಿದೆ, ಮತ್ತೆ ಹಾಜರ್. ಅದು ಅಮೆರಿಕದ ಸ್ಪೆಲಿಂಗ್ ಕಲಿತ ಯಂತ್ರವೆಂದು ಅರ್ಥವಾಯಿತು. ನಮ್ಮ ಸಿಸ್ಟರ್ ಇದ್ದಿದ್ದರೆ ಲ್ಯಾಪ್‌ಟಾಪಿಗೂ ಬೆರಳ ಗೆಣ್ಣು ಎಲ್ಲಿದೆ ಎಂದು ಹುಡುಕುತ್ತಿದ್ದರು.

ಎರಡು ಪುಟದ ಉದ್ದಕ್ಕೂ ಇದೇ ಕಥೆ. ಒಂದೊಂದನ್ನೇ ತಿದ್ದುತ್ತ ಕೂರುವಷ್ಟು ಸಮಯವಿಲ್ಲ, ಕೆಳಗೆ ಹಾರ್ನ್ ಶುರುವಾಗಿದೆ. ಆಗ ನನಗೊಂದು ಘನವಾದ ಉಪಾಯ ಹೊಳೆಯಿತು. ‘ಒ’ ‘ಆರ್’ ಜೊತೆಯಾಗಿ ಎಲ್ಲೆಲ್ಲಿವೆಯೋ ಅಲ್ಲೆಲ್ಲ ನಡುವೆ ಒಂದು ‘ಯು’ ಕೂರಿಸು ಎಂದು ಕಂಪ್ಯೂಟರಿಗೆ ಆಜ್ಞೆ ಮಾಡಿದೆ. ಒಂದೇ ಒತ್ತು. ಅರವತ್ತೆರಡು ಕಡೆ ಬದಲಾಯಿತೆಂದು ಅದು ವಿನಯದಿಂದ ವರದಿ ಒಪ್ಪಿಸಿತು. ಎರಡೇ ಪುಟದಲ್ಲಿ ಅರವತ್ತೆರಡು ತಪ್ಪೇ! ಪಾಪದ ಹುಡುಗಿ!

ಈಗ ಪುಟದ ತುಂಬ ಕೆಂಪು ಗೆರೆಗಳು, ಕುಂಕುಮದ ಭರಣಿ ಮಗುಚಿದ ಹಾಗೆ. ಇದು ಅಮೆರಿಕದ ಪ್ರತಿಭಟನೆ ಎಂದು ನಿರ್ಧರಿಸಿದೆ. ಎಷ್ಟು ಕೆಂಪೋ ಅಷ್ಟು ಶುದ್ಧ! ಹುಡುಕಿದರೆ ಈ ಕಡತದಲ್ಲಿ ತಪ್ಪುಗಳನ್ನು ತೋರಿಸಲೇಬೇಡ ಎನ್ನುವುದಕ್ಕೂ ಒಂದು ಚೌಕವಿತ್ತು. ಗುರುತು ಹಾಕಿದೆ. ಪುಟ ತಿಳಿಯಾಯಿತು. ಅರ್ಜಿ ತುಂಬಿದ ಪೆನ್‌ಡ್ರೈವ್ ಪ್ರಿಂಟ್ ಹಾಕಿಸಲು ಕೆಳಗೆ ಜಿಗ್ನೇಶ್‌ಭಾಯಿಯ ಕೈಗೆ ಹೋಯಿತು.

“ಏನಾದ್ರೂ ತಪ್ಪಿತ್ತಾ?” ಕಿಂಜಲ್ ಕೈ ತೊಳೆದುಕೊಂಡು ಬಂದಳು.

“ಸಣ್ಣಪುಟ್ಟದ್ದು. ಎಲ್ಲ ಸರಿ ಮಾಡಿದೀನಿ” ಎಂದೆ, ದಾನ ಕೊಟ್ಟವಳ ಧಾಟಿಯಲ್ಲಿ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. “ಅವಳು ತಿದ್ದು ಅಂದ್ಲೇನೇ?” ಎಂದರು.

“ಕೇಳ್ಬೇಕೇನ್ರೀ? ಅಕ್ಕಪಕ್ಕದವರು ಅಂದ್ಮೇಲೆ ಅಷ್ಟೂ ಮಾಡ್ಬಾರ್ದಾ?”

“ನನ್ನ ಬ್ಯಾಂಕ್ ಕಾಗದ ಮಾತ್ರ ಮುಟ್ಬೇಡ ಮಾರಾಯ್ತಿ” ಎಂದು ಸಾರು ಬಡಿಸಿಕೊಂಡರು.

ಒಂದು ವಾರ ಹೋಯಿತು. ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಾಗಲೆಲ್ಲ ಕಿಂಜಲ್ ಫೋನ್ ನೋಡಿ ತಲೆಯಾಡಿಸುವಳು. “ಮೇಲ್ ನಥೀ ಆವ್ಯೋ.” ಇನ್ನೂ ಬಂದಿಲ್ಲ. ದೊಡ್ಡ ಕಂಪನಿ, ನಿಧಾನ ಎಂದು ನಾನು ಸಮಾಧಾನ ಹೇಳುವೆ. ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದ ತಿಳಿನೀಲಿ ಸೀರೆಯನ್ನು ಒಂದು ದಿನ ಅವಳು ಮಡಿಸಿ ಒಳಗಿಟ್ಟಳು. “ಹನ್ನೊಂದು ವರ್ಷ ಮನೇಲಿದ್ದೋಳನ್ನ ಯಾರು ಕರೀತಾರೆ ಬೆನ್” ಎಂದಳು. ಆ ಕಂಪನಿಯವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಇಷ್ಟು ಶುದ್ಧವಾದ ಅರ್ಜಿಗೂ ಬೆಲೆಯಿಲ್ಲವೇ!

ಎರಡು ವಾರವಾದ ಮೇಲೆ ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಿಂಜಲ್ ಬಾಗಿಲಿಗೆ ಬಂದಳು.

“ಸುಧಾಬೆನ್, ಈ ‘ವೌರಾ’ ಯಾರು?”

ನೋಡಿದೆ. ವೋರಾ ವೌರಾ ಆಗಿದ್ದಳು. ಗೋರ್ವಾ ಗೌರ್ವಾ ಆಗಿತ್ತು. ‘ಫಾರ್’ ಎಂದಿದ್ದಲ್ಲೆಲ್ಲ ‘ಯು’ ಹೊಕ್ಕು ನಾಲ್ಕು ಎಂಬ ಸಂಖ್ಯೆಯಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅವಳ ಇಮೇಲ್ ವಿಳಾಸದ ಹೊಟ್ಟೆಯಲ್ಲೂ ನನ್ನ ‘ಯು’ ಆರಾಮಾಗಿ ಕೂತಿತ್ತು!

“ನಾನೇ ಕಣಮ್ಮಾ...” ಎಂದೆ. ಅದೂ ಕನ್ನಡದಲ್ಲಿ.

ಅವಳು ಬೈಯಲಿಲ್ಲ. ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆಚೆ ಕಡೆಯ ಹೆಂಗಸು, “ನಿಮಗೆ ಕಳಿಸಿದ ಮೇಲ್ ಎರಡು ಸಲ ವಾಪಸ್ ಬಂತು ಮೇಡಂ. ಇಂಟರ್‌ವ್ಯೂಗೆ ಇವತ್ತೇ ಕೊನೇ ದಿನ, ಐದರೊಳಗೆ ಬನ್ನಿ. ಅಂದಹಾಗೆ, ಅರ್ಜಿಯಲ್ಲಿ ನಾಲ್ಕು ಕೆಲಸ ಬೇಕು ಅಂತಿದೆ. ನಮ್ಮಲ್ಲಿರೋದು ಒಂದೇ!” ಎಂದಳು.

ಸೀರೆಗೆ ಮತ್ತೆ ಇಸ್ತ್ರಿ ಹಾಕಿಕೊಟ್ಟವಳು ನಾನೇ. ಅಷ್ಟರಲ್ಲಿ ಕಿಂಜಲ್ ಮೆಲ್ಲನೆ ಹೇಳಿದಳು. “ಬೆನ್, ಅವರ ಗಿರಾಕಿಗಳೆಲ್ಲ ಅಮೆರಿಕದೋರು. ಜಾಹೀರಾತಿನಲ್ಲೂ ‘ಯು’ ಇರ್ಲಿಲ್ಲ. ಅದಕ್ಕೇ ಮೂರು ದಿನ ಕೂತು ನಾನೇ ಹುಡುಕಿ ಹುಡುಕಿ ತೆಗೆದಿದ್ದೆ.”

ಇಸ್ತ್ರಿಪೆಟ್ಟಿಗೆಗಿಂತ ನನ್ನ ಮುಖ ಬಿಸಿಯಾಯಿತು.

ಆರೂವರೆಗೆ ಅವಳು ಪೇಡಾ ಡಬ್ಬಿ ಹಿಡಿದು ಬಂದಳು! ಅವಳದೇ ಅರ್ಜಿಯನ್ನು ಅವಳ ಕೈಗೆ ಕೊಟ್ಟು ಇದರಲ್ಲಿ ತಪ್ಪು ಹುಡುಕಿ ಎಂದರಂತೆ. ಅರವತ್ತೆರಡರಲ್ಲಿ ಒಂದನ್ನೂ ಬಿಡದೆ ಹುಡುಕಿ ಕೆಲಸ ಗಿಟ್ಟಿಸಿದ್ದಳು.

“ಹೀಗೆ ಯಾರು ಮಾಡಿದ್ದು ಅಂತ ಕೇಳಿದ್ರಾ?” ಎಂದೆ ಅಂಜುತ್ತ.

“ಕೇಳಿದ್ರು. ಕಂಪ್ಯೂಟರ್ ತಪ್ಪು ಅಂದುಬಿಟ್ಟೆ.”

ಪಾಪ, ಅಂದು ಕೊನೆಯ ತನಕ ಕೆಂಪು ಗೆರೆ ಎಳೆದು ಬೊಬ್ಬೆ ಹೊಡೆದದ್ದು ಅದೊಂದೇ!

“ನಾನು ಸೋಮವಾರದಿಂದ ಡ್ಯೂಟಿಗೆ ಹೋಗ್ತೀನಿ. ನಿಮ್ಮಿಂದ ಒಂದು ಸಹಾಯ ಆಗ್ಬೇಕು” ಎಂದಳು ಕಿಂಜಲ್.

ನನ್ನ ಕೈ ತಾನಾಗಿ ಕನ್ನಡಕದ ಕಡೆಗೆ ಹೋಯಿತು. ಆಫೀಸಿನ ಪತ್ರಗಳಿರಬಹುದು. ನಾನು ಇನ್ನು ಮೇಲೆ ಬಹಳ ಎಚ್ಚರದಿಂದ...

“ನಾನಿಲ್ಲದಾಗ ಕೊರಿಯರ್ ಬಂದ್ರೆ ತಗೊಂಡಿಟ್ಟಿರಿ. ಸಹಿ ನೀವು ಹಾಕಿದ್ರೆ ಸಾಕು. ನನ್ನ ಹೆಸರು ಬರೆಯೋ ಜಾಗ ಇದ್ರೆ, ಅದನ್ನ ಕೊರಿಯರ್‌ನವನ ಹತ್ರಾನೇ ಬರೆಸಿ.”