ಬರೆಯೋಕೊಂದು ಟೇಬಲ್

ನಮ್ಮ ಮನೆಯಲ್ಲಿ ಒಂದು ವಾರ ಯಾವ ಎಡವಟ್ಟೂ ಆಗದೆ ಕಳೆದರೆ ನನಗೆ ಒಳಗೊಳಗೇ ಪುಕುಪುಕು ಶುರುವಾಗುತ್ತೆ, ಏನೋ ಆಗಿದೆ, ನನಗಿನ್ನೂ ಗೊತ್ತಾಗಿಲ್ಲ ಅಷ್ಟೇ ಅಂತ. ಇದಕ್ಕೆಲ್ಲ ನಾನೇ ಕಾರಣ ಅಂತ ಮನೆಯವರ ಅಭಿಪ್ರಾಯ. ನಾನು ಒಪ್ಪಲ್ಲ. ಅರ್ಧ ಮಾತ್ರ ಒಪ್ತೀನಿ.

ನನಗಿರೋದು ಎರಡು ಕೆಲಸ. ಚಿತ್ರದುರ್ಗದಲ್ಲಿ ನಮ್ಮ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಸುತ್ತಮುತ್ತಲ ಊರುಗಳ ಗುಜರಿ ಅಂಗಡಿಗಳಲ್ಲಿ ಬಿದ್ದಿರೋ ಹಳೇ ಟೇಬಲ್ಲು, ಕುರ್ಚಿ, ಕಪಾಟು ಎಲ್ಲ ತಂದು ಅಲ್ಲಿ ಹಾಕ್ಕೊಂಡು, ಕೆರೆದು, ತಿಕ್ಕಿ, ಮುರಿದ ಕಾಲು ಕೂರಿಸಿ, ಬಣ್ಣ ಹಚ್ಚಿ, ಫೋನಲ್ಲಿ ಫೋಟೋ ಹಾಕಿ ಮಾರ್ತೀನಿ. ಎರಡನೇ ಕೆಲಸ ಕಾದಂಬರಿ ಬರೆಯೋದು. ಅದೂ ಒಂದು ಕೆಲಸ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿಲ್ಲ.

ಕಂಡಕಂಡ ಕಡೆಯಿಂದ ವಾಪಸ್ ಬಂದ ನನ್ನ ಕಾದಂಬರಿಯನ್ನ ಈ ವರ್ಷ ಒಬ್ಬ ಪ್ರಕಾಶಕರು ಒಪ್ಪಿದರು. ಬರೆದಿದ್ದದ್ದು ಮೊದಲರ್ಧ ಮಾತ್ರ, ಅದನ್ನೇ ಎಲ್ಲರಿಗೂ ಕಳಿಸಿದ್ದೆ. ಅವರು ಫೋನ್ ಮಾಡಿ, "ಮೇಡಂ, ಉಳಿದ ಅರ್ಧ ಶಿವರಾತ್ರಿ ಕಳೆದ ಸೋಮವಾರಕ್ಕೆ ಬರಬೇಕು. ಬರಲಿಲ್ಲ ಅಂದ್ರೆ ಬೇರೆಯವರ ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ. ಆಮೇಲೆ ಬೇಜಾರು ಮಾಡ್ಕೋಬೇಡಿ," ಅಂದರು. ನನ್ನ ಜೀವಮಾನದಲ್ಲಿ ಇಂಥ ಅವಕಾಶ ಇನ್ನೊಂದು ಸಲ ಬರುತ್ತೆ ಅಂತ ನನಗೆ ನಂಬಿಕೆ ಇರಲಿಲ್ಲ. ಬರೆದು ಮುಗಿಸೋಕೆ ಒಂದೇ ಒಂದು ಟೇಬಲ್ ಬೇಕಿತ್ತು. ಊರಿಗೆಲ್ಲ ಟೇಬಲ್ ಮಾಡಿ ಕೊಡೋ ನನಗೇ ಅದು ದಕ್ಕಲಿಲ್ಲ.

ಹಿರಿಯೂರಿಂದ ಬಂದದ್ದು

ಹಿರಿಯೂರಿನ ಗುಜರಿಯಲ್ಲಿ ಒಂದು ತೇಗದ ಟೇಬಲ್ ಸಿಕ್ಕಿತು. ಮೇಲೆಲ್ಲ ಇಂಕಿನ ಕಲೆ, ಒಂದು ಕಾಲು ಗಿಡ್ಡ. ನೋಡಿದ ಕೂಡಲೇ, ಇದು ಮಾರಾಟಕ್ಕಲ್ಲ, ಇದು ನನಗೆ ಅಂತ ಮನಸ್ಸಲ್ಲೇ ಗಟ್ಟಿ ಮಾಡ್ಕೊಂಡೆ. ಲಗೇಜ್ ಆಟೋದಿಂದ ಇಳಿಸೋ ಹೊತ್ತಿಗೆ ನಮ್ಮ ಅತ್ತೆ ಬಾಗಿಲಿಗೆ ಬಂದು ನಿಂತರು. ಹಳೇ ಸಾಮಾನು ಬಂದಾಗೆಲ್ಲ ಅವರದ್ದೊಂದು ವಿಚಾರಣೆ ಇರುತ್ತೆ.

"ಯಾರ ಮನೇದವ್ವ ಇದು?"

"ಮನೇದಲ್ಲ ಅತ್ತೆ, ಯಾವುದೋ ಆಫೀಸಿಂದು."

"ಇದ್ರ ಮುಂದೆ ಕುಂತಿದ್ದೋರು ಬದುಕವ್ರಾ?"

"ಆಫೀಸಲ್ಲಿ ಯಾರು ಸಾಯ್ತಾರೆ ಅತ್ತೆ?"

"ಬದುಕಿರೋರು ಇಷ್ಟು ಗಟ್ಟಿ ಟೇಬಲ್ ಯಾಕೆ ಮಾರ್ತಾರೆ," ಅಂದವರೇ ಅರಿಶಿನದ ನೀರು ಚಿಮುಕಿಸಿ ಒಳಗೆ ಬಿಟ್ಟುಕೊಂಡರು.

ಕೈ ಬೊಬ್ಬೆ ಬರೋ ಹಂಗೆ ತಿಕ್ಕಿದೆ. ವಾರ್ನಿಶ್ ಹಚ್ಚಿ ಅಂಗಳದ ಬಿಸಿಲಿಗೆ ಇಟ್ಟೆ. ಒಣಗಲಿ, ಅಷ್ಟರಲ್ಲಿ ಪೆನ್ನು ಪೇಪರ್ ಹೊಂದಿಸ್ಕೊಳ್ಳೋಣ ಅಂತ ಒಳಗೆ ಹೋದೆ. ವಾಪಸ್ ಬಂದು ನೋಡ್ತೀನಿ, ಟೇಬಲ್ ಮೇಲೆ ಅತ್ತೆಯ ಹಳೇ ಸೀರೆ, ಸೀರೆ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ.

"ಅತ್ತೆ, ಅದಿನ್ನೂ ಹಸಿ ಐತೆ."

"ಸಂಡಿಗೆನೂ ಹಸಿನೇ ಐತೆ ಕಣವ್ವ, ಎರಡೂ ಒಟ್ಟಿಗೆ ಒಣಗ್ತವೆ. ನೋಡು, ಬಗ್ಗಂಗೇ ಇಲ್ಲ. ನನ್ನ ಸೊಂಟಕ್ಕೆ ಹೇಳಿ ಮಾಡಿಸಿದಂಗೈತೆ."

ಸೊಂಟದ ಮಾತು ಬಂದ ಮೇಲೆ ಮುಗೀತು, ಆ ಟೇಬಲ್ ಅವರದ್ದೇ. ಆಮೇಲೊಂದು ದಿನ ನಮ್ಮನೆಯವರ ಸ್ಕೂಲಿನ ಹೆಡ್ಮಾಸ್ಟರು ಊಟಕ್ಕೆ ಬಂದಿದ್ದರು. ಸಂಡಿಗೆ ಕೈಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಸಂಡಿಗೆ ಇಷ್ಟು ಹೊಳೆಯೋದು ನಾನೆಲ್ಲೂ ನೋಡಿಲ್ಲ, ಏನು ಹಾಕಿದೀರಮ್ಮ?" ಅಂತ ಕೇಳಿದರು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, "ಅದು ನಮ್ಮ ಸೊಸೆ ಕೈಗುಣ," ಅಂದರು.

ಹೊಳಲ್ಕೆರೆಯ ಡೆಸ್ಕು

ಎರಡನೇದು ಹೊಳಲ್ಕೆರೆಯಲ್ಲಿ ಸಿಕ್ಕ ಹಳೇ ಕಾಲದ ಶಾಲೆ ಡೆಸ್ಕು. ಇದರ ಹಲಗೆ ಇಳಿಜಾರು, ಸಂಡಿಗೆ ನಿಲ್ಲಲ್ಲ ಅಂತ ಲೆಕ್ಕ ಹಾಕಿಯೇ ತಂದಿದ್ದೆ. ಅತ್ತೆ ಅದರ ತಂಟೆಗೆ ಬರಲಿಲ್ಲ. ಹತ್ತನೇ ಕ್ಲಾಸಿನ ಮಗಳು ಬಂದಳು.

"ಅಮ್ಮ, ನಂಗೆ ಪರೀಕ್ಷೆ ಐತೆ. ನಿಂಗೇನೈತೆ?"

"ನಂಗೂ ಪರೀಕ್ಷೆನೇ ಕಣೆ."

"ಫೇಲಾದ್ರೆ ನಿನ್ನ ಯಾರು ಬೈತಾರೆ?" ಅಂತ ಪುಸ್ತಕ ಹರಡಿಕೊಂಡು ಕೂತೇ ಬಿಟ್ಟಳು.

ಆಯ್ತು ಅಂತ ನಾನು ಅಡುಗೆಮನೆ ಕಟ್ಟೆ ಮೇಲೆ, ನಿಂತುಕೊಂಡೇ ಬರೆಯೋಕೆ ಶುರು ಮಾಡಿದೆ. ಒಲೆ ಮೇಲೆ ಸಾರು ಕುದೀತಾ ಇದೆ. ಪಕ್ಕದ ರೂಮಲ್ಲಿ ಮಗಳು ವಿಜ್ಞಾನವನ್ನ ಜೋರಾಗಿ ಬಾಯಿಪಾಠ ಮಾಡ್ತಾ ಇದಾಳೆ. ನನ್ನ ಕಾದಂಬರಿಯಲ್ಲಿ ಗಂಡ ಹೆಂಡತಿ ಮಧ್ಯೆ ದೊಡ್ಡ ಜಗಳ ನಡೀತಾ ಇದೆ. ಅಂಥಾ ಗದ್ದಲದಲ್ಲೂ ಒಂದೇ ಉಸಿರಿಗೆ ಆ ಅಧ್ಯಾಯ ಬರೆದು, ಓದಿ ನೋಡ್ರೀ ಅಂತ ನಮ್ಮನೆಯವರ ಕೈಗೆ ಕೊಟ್ಟೆ. ಅವರು ವಿಜ್ಞಾನದ ಮೇಷ್ಟ್ರು, ಏನು ಓದಿದರೂ ಕೈಲಿ ಕೆಂಪು ಪೆನ್ನು ಇರುತ್ತೆ.

ಓದ್ತಾ ಓದ್ತಾ ಒಂದು ಕಡೆ ನಿಂತರು. ಅಲ್ಲಿ ಗಂಡ ಕೇಳ್ತಾನೆ: "ನಿನ್ನ ಈ ಕಣ್ಣೀರಲ್ಲಿ ಏನಿದೆ ಹೇಳು." ನನ್ನ ಕಥಾನಾಯಕಿ ತಲೆಯೆತ್ತಿ ಉತ್ತರ ಕೊಟ್ಟಿದ್ದಳು: "ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಮ್ಮನೆಯವರು ಮಾತ್ರ ನಗಲೇ ಇಲ್ಲ. ಗಂಭೀರವಾಗಿ ಹೇಳಿದರು, "ಉತ್ತರ ಸರಿ ಐತೆ. ಕಣ್ಣೀರಂದ್ಮೇಲೆ ಉಪ್ಪಿರ್ಬೇಕಲ್ಲ, ಅದನ್ನ ಬಿಟ್ಟಿದಾಳೆ. ಅರ್ಧ ಅಂಕ ಕಳ್ದೀನಿ."

ಹೊಸದುರ್ಗಕ್ಕೆ ವಾಪಸ್ ಹೋದದ್ದು

ಮೂರನೇದು ಹೊಸದುರ್ಗದ ಗುಜರಿಯಿಂದ ತಂದ ಪುಟ್ಟ ಟೇಬಲ್. ನೀಲಿ ಬಣ್ಣ ಹಚ್ಚಿದೆ. ಎಷ್ಟು ಚೆನ್ನಾಗಿ ಬಂತು ಅಂದ್ರೆ, ಮಾರೋ ಮನಸ್ಸಿಲ್ಲದಿದ್ರೂ ಜಂಬಕ್ಕೆ ಫೋನಲ್ಲಿ ಫೋಟೋ ಹಾಕಿಬಿಟ್ಟೆ. ಮಾಡಬಾರದಿತ್ತು. ಮಾರನೇ ದಿನವೇ ಹೊಸದುರ್ಗದಿಂದ ಒಬ್ಬಾತ ವಯಸ್ಸಾದ ತಾಯಿಯನ್ನ ಕರಕೊಂಡು ಶೆಡ್ಡಿಗೆ ಬಂದ. ಕುರ್ಚಿ ನೋಡೋಕೆ ಬಂದವರಂತೆ. ಫೋನಲ್ಲಿ ಆ ಫೋಟೋ ನೋಡಿದ್ದರೋ ಏನೋ, ಅಜ್ಜಿ ಕುರ್ಚಿ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಬಂದು ನನ್ನ ನೀಲಿ ಟೇಬಲ್ಲಿನ ಅಂಚಿನ ಕೆಳಗೆ ಕೈ ಹಾಕಿ ತಡವಿ ನೋಡಿದರು.

"ಇದು ನಮ್ದು," ಅಂದರು.

ಮಗನ ಮುಖದ ಬಣ್ಣ ಇಳೀತು. "ಅವ್ವ, ಸುಮ್ನಿರು. ನಮ್ಮನೇದು ಗೆದ್ಲು ತಿಂದು ಹೋತು ಅಂತ ಹೇಳಿರ್ಲಿಲ್ವಾ," ಅಂದ. ಅವ್ವನ ಹಿಂದೆ ನಿಂತುಕೊಂಡು, ಏನೂ ಹೇಳಬೇಡಿ ಅಂತ ನನಗೆ ಕಣ್ಣಲ್ಲೇ ಕೈ ಮುಗೀತಿದಾನೆ. ಹೇಳಿದ್ರೆ ತಾಯಿ ಮಗನಿಗೆ ಜಗಳ, ಹೇಳದಿದ್ರೆ ನಾನು ಕಳ್ಳಮಾಲು ಇಟ್ಕೊಂಡಂಗೆ.

ಅಜ್ಜಿ ನನ್ನ ಕೈ ಹಿಡಿದು ಟೇಬಲ್ ಕೆಳಗೆ ಎಳೆದು ಮುಟ್ಟಿಸಿದರು. ಅಲ್ಲಿ ಗಾರೆ ಮೆತ್ತಿದಂಗೆ ದಪ್ಪಗೆ ಏನೋ ಒಣಗಿತ್ತು. "ಸುಣ್ಣ," ಅಂದರು. "ಎಲೆಗೆ ಹಚ್ಚಿ ಬೆರಳಲ್ಲಿ ಉಳಿದದ್ದನ್ನೆಲ್ಲ ಇಲ್ಲೇ ಒರೆಸ್ತಿದ್ದೆ, ಮದ್ವೆ ಆಗಿ ಬಂದಾಗಿಂದ. ನೀನು ಮೇಲೆ ಮಾತ್ರ ಬಣ್ಣ ಹಚ್ಚೀಯ."

ಮಗ ತಾನೇ ಮಾರಿದ ಟೇಬಲನ್ನ ತಾನೇ ಕೊಂಡು ಗಾಡಿಗೇರಿಸಿದ. ಅಜ್ಜಿ ಹೊರಡೋ ಮುಂದೆ ನನ್ನ ಹತ್ತಿರ ಬಂದು ಮಗನನ್ನ ತೋರಿಸಿ, "ಕೆಲಸ ಚೆನ್ನಾಗಿ ಮಾಡ್ತೀಯವ್ವ. ಇವನನ್ನೂ ಒಂದ್ಸಲ ಕೆರೆದು ಕೊಡಾಕಾಗುತ್ತಾ?" ಅಂತ ಕೇಳಿದರು.

ತಾಳ್ಯಕ್ಕೆ ಹೋದದ್ದು

ನಾಲ್ಕನೇ ಟೇಬಲ್ ತಾಳ್ಯ ಅನ್ನೋ ಹಳ್ಳಿಯ ಒಂದು ಮನೆಯವರು ಮೊದಲೇ ಹೇಳಿ ಮಾಡಿಸಿದ್ದು. ಕುರಿ, ಹೊಲ ಇರೋ ದೊಡ್ಡ ಸಂಸಾರ. ಯಾವುದೋ ಪರೀಕ್ಷೆಗೆ ಓದ್ತಿರೋ ಸೊಸೆಗೆ ಅಂತ ಡ್ರಾಯರ್ ಇರೋ ಟೇಬಲ್ ಕೇಳಿದ್ದರು. ಶಿವರಾತ್ರಿ ಕಳೆದ ಮೇಲೆ ಬಂದು ಒಯ್ತೀವಿ ಅಂದಿದ್ದರಿಂದ, ಅಲ್ಲೀವರೆಗೂ ನಾನೇ ಶೆಡ್ಡಲ್ಲಿ ಅದರ ಮುಂದೆ ಕೂತು ಬರೆದೆ. ಅಬ್ಬಾ, ಎಂಥಾ ಸುಖ. ಕೊನೇ ಅಧ್ಯಾಯ ಒಂದು ಬಿಟ್ಟು ಎಲ್ಲ ಮುಗೀತು.

ಕೊನೇದು ಮಾತ್ರ ಹತ್ತಲೇ ಇಲ್ಲ. ಅತ್ತೆ ಜತೆ ಜಗಳ ಆಡಿ ಮನೆ ಬಿಟ್ಟು ಬಂದ ನನ್ನ ಕಥಾನಾಯಕಿ ರೈಲ್ವೆ ಸ್ಟೇಷನ್ನಲ್ಲಿ ಬ್ಯಾಗ್ ಹಿಡಿದು ನಿಂತಿದಾಳೆ. ರೈಲು ಬಂದಿದೆ. ಹತ್ತಿಸಿದ್ರೂ ಸುಳ್ಳು ಅನ್ಸುತ್ತೆ, ಮನೆಗೆ ವಾಪಸ್ ಕಳಿಸಿದ್ರೂ ಸುಳ್ಳು ಅನ್ಸುತ್ತೆ.

ಶನಿವಾರ ಮಗಳ ಸ್ಕೂಲಲ್ಲಿ ಪೋಷಕರ ಮೀಟಿಂಗ್ ಇತ್ತು. ಹೋಗಿ ಬರೋದರೊಳಗೆ ಟೇಬಲ್ ಇಲ್ಲ. ಟೇಬಲ್ ಹೋಗಲಿ, ಅದರ ಮೇಲೆ ಇಟ್ಟಿಗೆ ಹೇರಿ ಇಟ್ಟಿದ್ದ ನನ್ನ ಅರ್ಧ ಕಾದಂಬರಿಯೂ ಇಲ್ಲ. ಇದ್ದದ್ದು ಅದೊಂದೇ ಪ್ರತಿ.

"ಅತ್ತೆ, ಇಟ್ಟಿಗೆ ಕೆಳಗಿದ್ದ ಪೇಪರ್ ಎಲ್ಲಿ?"

"ಹಳೇ ಪ್ರಶ್ನೆಪತ್ರಿಕೆನಾ? ಡ್ರಾಯರಿಗೆ ಹಾಸ್ದೆ. ಹೆಣ್ಮಗಳ ಮನೆಗೆ ಹೋಗೋ ಸಾಮಾನು, ಖಾಲಿ ಕೊಡ್ತಾರೇನವ್ವ? ಪೇಪರ್ ಹಾಸಿ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಇಟ್ಟು ಕಳಿಸ್ದೆ."

ಅವರ ತಪ್ಪು ಅನ್ನೋ ಹಂಗೂ ಇಲ್ಲ. ನಮ್ಮನೆಯವರ ಸ್ಕೂಲಲ್ಲಿ ಮಿಕ್ಕ ಪ್ರಶ್ನೆಪತ್ರಿಕೆಗಳ ಖಾಲಿ ಮಗ್ಗುಲಲ್ಲಿ ನಾನು ಬರೆಯೋದು. ಅತ್ತೆ ಕಣ್ಣಿಗೆ ಬೀಳಬಾರದು ಅಂತ ಬರೆದ ಮಗ್ಗುಲು ಕೆಳಗೆ ಮಾಡಿ ಇಟ್ಟವಳೂ ನಾನೇ. ಯಾಕೆ ಬೀಳಬಾರದು ಅಂದ್ರೆ, ಕಾದಂಬರಿಯ ಅತ್ತೆ ಬೇರೆ ಯಾರೂ ಅಲ್ಲ, ಇವರೇ.

ತಾಳ್ಯಕ್ಕೆ ಫೋನ್ ಮಾಡಿದೆ. ಗಂಡಸಿನ ದನಿ, "ಪೇಪರ್ರಾ? ಅದ್ರ ಬಗ್ಗೆ ಮಾತಾಡೋದೈತೆ, ಬರ್ರಿ," ಅಂತ ಕಟ್ ಆಯ್ತು. ಚಪ್ಪಲಿ ಮೆಟ್ಟೋ ಹೊತ್ತಿಗೆ ಅತ್ತೆಯೂ ಸೆರಗು ಸರಿ ಮಾಡ್ಕೊಂಡು ಬಂದರು. "ಕಳಿಸ್ದೋಳು ನಾನು, ನಾನೂ ಬರ್ತೀನಿ, ಹೋಗಾಣ ನಡಿ." ಬೇಡ ಅಂದ್ರೂ ಕೇಳಲಿಲ್ಲ. ಬಸ್ಸಿನುದ್ದಕ್ಕೂ ಒಂದೇ ಸಂಕಟ. ಪೇಪರ್ ಸಿಗದಿದ್ರೆ ಕಾದಂಬರಿ ಹೋಯ್ತು. ಸಿಕ್ಕರೆ ನಾನು ಹೋದೆ.

ಅವರ ಅಂಗಳದಲ್ಲಿ ಕಂಬಳಿ ಹಾಸಿ ಮನೆಮಂದಿಯೆಲ್ಲ ಕೂತಿದ್ದರು. ನಡುವೆ ನನ್ನ ಟೇಬಲ್, ಟೇಬಲ್ ಮುಂದೆ ಆ ಮನೆ ಸೊಸೆ, ಕೈಲಿ ಅರಿಶಿನ ಮೆತ್ತಿದ ನನ್ನ ಹಾಳೆಗಳು. ಜೋರಾಗಿ ಓದ್ತಾ ಇದಾಳೆ.

"ಅಕ್ಕಿ ಕೆಳಗೆ ಕಥೆ ಇತ್ರಿ," ಅಂದಳು ನನ್ನ ನೋಡಿ. "ಟೇಬಲ್ ಜತೆ ಕೊಡ್ತಾರೇನೋ ಅಂದ್ಕಂಡ್ವಿ."

ಯಜಮಾನಿ ಅಜ್ಜಿ, "ಬರ್ರಿ, ಕುಂತ್ಕಳ್ರಿ," ಅಂದರು. ಪೇಪರ್ ಕೊಡಿ ಅಂದೆ. "ಕೊಡ್ತೀವಿ. ಮೊದ್ಲು ಆ ಹುಡುಗಿ ಏನಾದ್ಲು ಹೇಳು. ಪಾಪ ಉಂಡಿಲ್ಲ, ತಿಂದಿಲ್ಲ, ಬ್ಯಾಗ್ ಹಿಡ್ಕಂಡು ನಿಂತೈತೆ."

"ಇನ್ನೂ ಬರೆದಿಲ್ಲ ಅಜ್ಜಿ."

"ಹಂಗಾರೆ ಈಗ ಬರಿ. ಎಲ್ಲ ಆ ಅತ್ತೆಯಿಂದ ಆಗಿದ್ದು. ಲೇ ಹುಡುಗಿ, ಅತ್ತೆ ಇರೋದನ್ನ ಇನ್ನೊಂದ್ಸಲ ಓದು, ಇವರೂ ಕೇಳ್ಲಿ." ಇವರು ಅಂದ್ರೆ ನಮ್ಮ ಅತ್ತೆ.

ಆ ಸೊಸೆ ಓದಿದಳು. ಕಾದಂಬರಿಯ ಸೊಸೆ ಹೊರಗೆ ಹೊರಟಾಗೆಲ್ಲ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಒಲೆ ಮೇಲೆ ಹಾಲೈತೆ, ಯಾರು ಕಾಯ್ತಾರೆ?" ಅಂತ ಕೇಳೋ ಭಾಗ. ಅದು ನಮ್ಮ ಅತ್ತೆಯದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ನಾನು ನೆಲ ನೋಡ್ತಾ ಕೂತೆ. ಅತ್ತೆ ಮೊಣಕಾಲು ನೀವಿಕೊಳ್ತಾ ಪೂರ್ತಿ ಕೇಳಿದರು.

ಅಜ್ಜಿ ಅವರ ಕಡೆ ತಿರುಗಿದರು. "ನೀವು ದೊಡ್ಡೋರು, ನೀವೇ ಹೇಳ್ರಿ. ಇಂಥಾ ಅತ್ತೆನ ಏನು ಮಾಡ್ಬೇಕು?"

ಅತ್ತೆ ಮೊಣಕಾಲು ನೀವೋದು ನಿಲ್ಲಿಸಿ, "ರೈಲು ಹತ್ತಿಸ್ಬೇಕು," ಅಂದರು.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಅತ್ತೆ ನಗಲಿಲ್ಲ. "ನಗಬ್ಯಾಡ್ರಿ. ಸೊಸೆಗೆ ಸಿಟ್ಟು ಬಂತು, ಎದ್ದು ಹೊರಟ್ಳು. ಈ ಅತ್ತೆ ಅನ್ನೋ ಹೆಂಗ್ಸು ಆ ಮನೆಗೆ ಬಂದಾಗಿಂದ ಬಾಗಿಲು ದಾಟಿ ಎಲ್ಲಿಗೆ ಹೋಗ್ಯಾಳೆ? ಬಾ ಅಂತ ಯಾರಾರ ಕರೆದಿದಾರಾ? ಹುಡುಗಿ ಮನೆಗೆ ಹೋಗಿ ಉಣ್ಲಿ, ಹಾಲು ಕಾಯ್ಲಿ. ಅತ್ತೆ ಹತ್ಲಿ ರೈಲು."

ನನಗೆ ಅಳು ಬಂತು. ಇಷ್ಟು ದಿನ ಹತ್ತದಿದ್ದ ಕೊನೇ ಅಧ್ಯಾಯ ಕಣ್ಣಮುಂದೆ ಬಂದು ನಿಂತಿತ್ತು. ತಾಳ್ಯದವರು ನನ್ನನ್ನ ಟೇಬಲ್ ಮುಂದೆ ಕೂರಿಸಿ, ಮಕ್ಕಳನ್ನೂ ಕುರಿಮರಿಗಳನ್ನೂ ಆಚೆ ಅಟ್ಟಿ, ಮುದ್ದೆ ಸಾರು ತಂದಿಟ್ಟು, ಒಬ್ಬರೂ ಸದ್ದು ಮಾಡದೆ ಕಾದರು. ಒಂದೇ ಏಟಿಗೆ ಬರೆದು ಮುಗಿಸಿದೆ. ಓದಿ ತೋರಿಸಿದ ಮೇಲೇ ಪೇಪರ್ ಕೈಗೆ ಕೊಟ್ಟದ್ದು.

ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡ್ತಾ ಬಂದರು. ಆ ಅತ್ತೆ ತಾನೇ ಅಂತ ಗುರುತು ಹತ್ತಿದೆಯೋ ಇಲ್ಲವೋ ಕೇಳೋ ಧೈರ್ಯ ನನಗೆ ಬರಲಿಲ್ಲ. ಭಾನುವಾರ ಮಗಳು ಒಂದೊಂದೇ ಹಾಳೆ ಫೋಟೋ ತೆಗೆದು ಕಳಿಸಿದಳು. ಸೋಮವಾರ ಪ್ರಕಾಶಕರು, "ಬಂತು ಮೇಡಂ, ಪ್ರೆಸ್ಸಿಗೆ ಕೊಡ್ತಾ ಇದೀನಿ. ಕೊನೆ ಬಹಳ ಚೆನ್ನಾಗಿದೆ," ಅಂದರು. ಎಲ್ಲ ಸುಸೂತ್ರ ಆಯ್ತು ಅಂತ ನಿಟ್ಟುಸಿರು ಬಿಟ್ಟೆ.

ಮಂಗಳವಾರ ಬೆಳಗ್ಗೆ ಅತ್ತೆ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಮ್ಮನೆಯವರು ಹಲ್ಲುಜ್ಜೋದು ಬಿಟ್ಟು ಓಡಿ ಬಂದು, "ಅವ್ವ, ಎಲ್ಲಿಗೆ ಹೊರಟೆ?" ಅಂತ ಕೇಳಿದರು.

"ನಿನ್ನ ಹೆಂಡ್ತಿ ಎಲ್ಲಿಗೆ ಬರೆದಾಳೋ ಅಲ್ಲಿಗೆ," ಅಂದರು ಅತ್ತೆ.

ಇಬ್ಬರೂ ನನ್ನ ಮುಖ ನೋಡಿದರು. ಹತ್ತಿಸೋದನ್ನ ಬರೆದಿದ್ದೆ, ಆ ರೈಲು ಯಾವ ಊರಿಗೆ ಹೋಗುತ್ತೆ ಅಂತ ನಾನು ಬರೆದೇ ಇರಲಿಲ್ಲ.